ಬೇಟೆಯ ಕೋವಿಯೂ ಅದರ ತೋಟಾವೂ

ನಾರ್ವೆ ದೇಶದಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಈಚೆಗೆ ನಮಗೊಂದು ಕಾಗದ ಬರೆದಿದ್ದನು. ಆ ದೇಶದಲ್ಲಿ ಶರತ್ಕಾಲ ಬಂದಿತೆಂದರೆ ಮೂಸ್ ಎಂಬ ಹಿರಿಯ ಜಾತಿಯ ಜಿಂಕೆಯ ಬೇಟೆ ಮೊದಲಾಗುತ್ತದೆ. ಅದು ಶಾಸನಕ್ಕೆ ಒಳಪಟ್ಟ ಬೇಟೆ. ಎಷ್ಟು ಪ್ರಾಣಿಗಳನ್ನು ಹೊಡೆಯಬಹುದೆಂಬುದನ್ನು ಮೊದಲೇ ಗೊತ್ತುಮಾಡಿರುತ್ತಾರೆ. ನೆರೆಯವರು ಇವನನ್ನೂ ತಮ್ಮ ತಂಡಕ್ಕೆ ಕರೆದಿದ್ದರಂತೆ. “ಮೇಷ್ಟ್ರೇ, ಹಣ ಎಷ್ಟಾದರೂ ಆಗಲಿ, ಎಲ್ಲಕ್ಕಿಂತ ಬಲವಾದ ಕೋವಿಯನ್ನೇ ಕೊಳ್ಳಬೇಕೆಂದಿದ್ದೇನೆ. ತಮ್ಮ ಅಭಿಪ್ರಾಯವೇನು?” ಎಂದು ಕೇಳಿದ್ದನು.

ನಾವು ಬೇಟೆಗಾರರಲ್ಲ, ಭೌತಶಾಸ್ತ್ರವನ್ನು ಬೋಧಿಸುವವರು. ನಮ್ಮ ದೇಶದಲ್ಲಿಯಾದರೋ 1972ರ ವನ್ಯಜೀವಿ ಸಂರಕ್ಷಣಾ ಶಾಸನವೂ ಅದರ 1991ರ ತಿದ್ದುಪಡಿಯೂ ವಿನೋದದ ಬೇಟೆಗೆ ಬಾಗಿಲು ಮುಚ್ಚಿವೆ. ಅದು ಸರಿಯೇ ಆಯಿತು. ಆದರೂ ಜಿಮ್ ಕಾರ್ಬೆಟ್ಟರ ಪುಸ್ತಕಗಳನ್ನೋ ಬೆಂಗಳೂರಿನ ಕೆನೆತ್ ಆಂಡರ್ಸನ್ನರ ಕಾಡಿನ ಅನುಭವಗಳನ್ನೋ ಓದುವವರಿಗೆ .275, .405, .450 ಎಂಬ ಅಂಕೆಗಳು ಪದೇ ಪದೇ ಎದುರಾಗುತ್ತವೆ. ಇವುಗಳ ಅರ್ಥವೇನು, ಬಲವಾದ ಕೋವಿಯೆಂದರೆ ಯಾವುದು ಎಂಬುದನ್ನು ವಿಚಾರಮಾಡುವುದು ನಿಷ್ಪ್ರಯೋಜಕವಾಗಲಾರದು.

ಮೊದಲು ತೋಟಾ ಎಂದರೇನೆಂದು ನೋಡೋಣ. ಒಂದು ಹಿತ್ತಾಳೆಯ ಕೊಳವೆ; ಅದರ ಬುಡದಲ್ಲಿ ಪೆಟ್ಟು ಬಿದ್ದೊಡನೆ ಕಿಡಿಕಾರುವ ಸಣ್ಣ ಬಟ್ಟಲು; ಒಳಗೆ ಮದ್ದು; ಬಾಯಲ್ಲಿ ಗುಂಡು. ಕೋವಿಯ ಕುದುರೆಯನ್ನು ಎಳೆದರೆ ಮದ್ದು ಉರಿದು ಅನಿಲವಾಗಿ ಗುಂಡನ್ನು ಮುಂದಕ್ಕೆ ತಳ್ಳುತ್ತದೆ. ನಳಿಗೆಯ ಒಳಮೈಯಲ್ಲಿ ಕೊರೆದಿರುವ ತಿರುಪುಗೆರೆಗಳು ಗುಂಡನ್ನು ಬುಗುರಿಯಂತೆ ತಿರುಗಿಸಿ ಅದರ ದಾರಿಯನ್ನು ನೇರವಾಗಿಡುತ್ತವೆ. ಆಂಗ್ಲರ ಅಂಕೆಗಳು ನಳಿಗೆಯ ಒಳವ್ಯಾಸವನ್ನು ಸುಮಾರಾಗಿ ಅಂಗುಲದ ದಶಾಂಶದಲ್ಲಿ ಹೇಳುತ್ತವೆ. .375 ಎಂದರೆ ಸುಮಾರು ಒಂಬತ್ತೂವರೆ ಮಿಲಿಮೀಟರು. ಯೂರೋಪಿನ ಇತರರು 7×57 ಎಂದು ಬರೆದರೆ, ಮೊದಲಿನದು ವ್ಯಾಸ, ಎರಡನೆಯದು ಕೊಳವೆಯ ಉದ್ದ, ಎರಡೂ ಮಿಲಿಮೀಟರಿನಲ್ಲಿ.

ಆದರೆ ಈ ಅಂಕೆಯೇ ಬಲವೆಂದು ಭಾವಿಸಬಾರದು. ಅಮೆರಿಕದ .30-30, .30-06 ಎಂಬೆರಡು ತೋಟಾಗಳ ಗುಂಡುಗಳ ವ್ಯಾಸ ಒಂದೇ. ಬಲದಲ್ಲಿ ಎರಡನೆಯದು ಮೊದಲನೆಯದರ ಒಂದೂವರೆ ಪಟ್ಟಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಹಳೆಯ ಸೈನಿಕ ಬಂದೂಕಗಳಿಗೆ ಮದ್ದುಗುಂಡು ದೊರೆತೀತೆಂಬ ಭಯದಿಂದ ಆಂಗ್ಲ ಸರಕಾರವು .450 ಅಳತೆಯ ಕೋವಿಗಳು ಭಾರತಕ್ಕೆ ಬಾರದಂತೆ ತಡೆಯಿತು. ಆಗ ಲಂಡನ್ನಿನ ಕೋವಿ ತಯಾರಕರು .465, .470 ಎಂಬ ಅಳತೆಗಳನ್ನು ಮುಂದೆ ತಂದರು. ಅಂಕೆ ಬದಲಾಯಿತು, ಪೆಟ್ಟು ಹೆಚ್ಚುಕಡಮೆ ಅದೇ ಉಳಿಯಿತು.

ಪೆಟ್ಟನ್ನು ನಿರ್ಣಯಿಸುವುವು ಗುಂಡಿನ ತೂಕ ಮತ್ತು ವೇಗ. ಇಲ್ಲಿ ಸ್ವಲ್ಪ ಲೆಕ್ಕಮಾಡೋಣ. ನಾಲ್ಕು ಕಿಲೋಗ್ರಾಮಿನ ಕೋವಿಯೊಂದು 10 ಗ್ರಾಮಿನ ಗುಂಡನ್ನು ಸೆಕೆಂಡಿಗೆ 800 ಮೀಟರು ವೇಗದಲ್ಲಿ ಹಾರಿಸಿದರೆ ಗುಂಡಿನ ಶಕ್ತಿ 3200 ಜೂಲ್. ಕೋವಿಯು ಸೆಕೆಂಡಿಗೆ 2 ಮೀಟರು ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಆ ಒದೆತದ ಶಕ್ತಿ 8 ಜೂಲ್. ಅದೇ ವೇಗದಲ್ಲಿ 20 ಗ್ರಾಮಿನ ಗುಂಡನ್ನು ಹಾರಿಸಿದರೆ ಗುಂಡಿನ ಶಕ್ತಿ 6400 ಜೂಲ್. ಒದೆತವಾದರೋ 32 ಜೂಲ್. ಮದ್ದಿನ ಅನಿಲದ ಪಾಲನ್ನು ಸೇರಿಸಿದರೆ ಒದೆತ ಇನ್ನೂ ಹೆಚ್ಚು. ಅಂದರೆ ಗುಂಡಿನ ತೂಕವನ್ನು ಇಮ್ಮಡಿಮಾಡಿದಾಗ ಮೃಗಕ್ಕೆ ಬೀಳುವ ಪೆಟ್ಟು ಎರಡರಷ್ಟು, ನಮ್ಮ ಭುಜಕ್ಕೆ ಬೀಳುವ ಪೆಟ್ಟು ನಾಲ್ಕರಷ್ಟು! ನ್ಯೂಟನ್ನನ ನಿಯಮವು ಬಡವ ಬಲ್ಲಿದರೆನ್ನದೆ ಎಲ್ಲರಿಗೂ ಒಂದೇ.

ಒದೆತಕ್ಕೆ ಅಂಜಿದ ಭುಜವು ಎರಡು ಮೂರು ಸಲ ನೊಂದ ಮೇಲೆ ತಾನಾಗಿಯೇ ಒಂದು ದುರಭ್ಯಾಸವನ್ನು ಕಲಿಯುತ್ತದೆ. ಕುದುರೆಯನ್ನು ಎಳೆಯುವ ಕ್ಷಣದಲ್ಲಿಯೇ ಕಣ್ಣು ಮುಚ್ಚುವುದು, ಮೈ ಬಿಗಿಯುವುದು, ನಳಿಗೆ ಕದಲುವುದು. ಎದೆಗೆ ಬೀಳಬೇಕಾದ ಗುಂಡು ಹೊಟ್ಟೆಗೋ ಕಾಲಿಗೋ ಬೀಳುತ್ತದೆ. ಕೋವಿಯನ್ನು ಭಾರವಾಗಿ ಮಾಡಿದರೆ ಒದೆತ ತಗ್ಗುವುದು ನಿಜ. ಆದರೆ ಆ ಭಾರವನ್ನು ದಿನವೆಲ್ಲಾ ಬೆಟ್ಟದ ಮೇಲೆ ಹೊತ್ತು ನಡೆಯುವವನ ಕೈ ಸಂಜೆಗೆ ನಡುಗುತ್ತದೆ. ಆದುದರಿಂದ ಮೊದಲು ಮೃಗವನ್ನು ನೋಡಿ ತೋಟಾವನ್ನೂ, ಆಮೇಲೆ ತನ್ನ ಮೈಯನ್ನು ನೋಡಿ ಕೋವಿಯನ್ನೂ ಆರಿಸುವುದು ಸರಿಯಾದ ಕ್ರಮ.

ಹಾಗೆಂದು ತೀರ ಹಗುರವಾದುದನ್ನೂ ಹಿಡಿಯಲಾಗದು. ಡಬ್ಲ್ಯು. ಡಿ. ಎಂ. ಬೆಲ್ ಎಂಬಾತನು ಆಫ್ರಿಕದಲ್ಲಿ ಸಾವಿರಕ್ಕೂ ಮೇಲ್ಪಟ್ಟು ಆನೆಗಳನ್ನು ಕೊಂದನು. ಅವುಗಳಲ್ಲಿ ಹೆಚ್ಚಿನವನ್ನು 7 ಮಿಲಿಮೀಟರಿನ ಸಣ್ಣ ಗುಂಡಿನಿಂದಲೇ ಕೆಡಹಿದನು. ಆದರೆ ಆತನು ಆನೆಯ ತಲೆಬುರುಡೆಯನ್ನು ಕೊಯ್ದು, ಮಿದುಳು ಎಲ್ಲಿದೆಯೆಂದು ಅಭ್ಯಾಸಮಾಡಿದ್ದವನು. ಮೂಳೆಯನ್ನು ಸೀಳಿಕೊಂಡು ನೇರವಾಗಿ ಹೋಗುವ ಗಟ್ಟಿ ಕವಚದ ಗುಂಡನ್ನೇ ಬಳಸುತ್ತಿದ್ದನು. ಜಿಂಕೆಗೆ ಅಂಥ ಗುಂಡು ಸಲ್ಲದು. ಅದು ಮೈಯೊಳಗೆ ತೂರಿ ಹೊರಟುಹೋಗಿ ಪ್ರಾಣಿ ಬಹುದೂರ ಓಡಬಹುದು. ಅದಕ್ಕೆ ತಾಗಿದೊಡನೆ ಅಣಬೆಯಂತೆ ಅರಳುವ ಮೃದುಮೂತಿಯ ಗುಂಡು ತಕ್ಕುದು. ಬೆಲ್ಲನ ಕೋವಿಯನ್ನು ಹಣ ಕೊಟ್ಟು ಕೊಳ್ಳಬಹುದು; ಅವನ ಕಣ್ಣನ್ನೂ ಅಭ್ಯಾಸವನ್ನೂ ಕೊಳ್ಳಲಾಗದು.

ಗುರಿ ತಪ್ಪಿದ ಗುಂಡಿನ ಫಲವೇನೆಂಬುದಕ್ಕೆ ನಮ್ಮ ದೇಶದ ಚರಿತ್ರೆಯಲ್ಲಿಯೇ ಒಂದು ದೃಷ್ಟಾಂತವುಂಟು. 1907ರಲ್ಲಿ ಕಾರ್ಬೆಟ್ಟರು ಕುಮಾವೂನಿನ ಚಂಪಾವತದ ಬಳಿ ಒಂದು ಹೆಣ್ಣು ಹುಲಿಯನ್ನು ಕೊಂದರು. ಅವರ ಲೆಕ್ಕದಂತೆ ಅದು ನೇಪಾಳದಲ್ಲಿಯೂ ಕುಮಾವೂನಿನಲ್ಲಿಯೂ 436 ಜನರನ್ನು ತಿಂದಿತ್ತು. ಸತ್ತ ಹುಲಿಯ ಬಾಯಿಯನ್ನು ಪರೀಕ್ಷಿಸಿದಾಗ ಬಲಗಡೆಯ ಕೋರೆಹಲ್ಲುಗಳೆರಡೂ ಮುರಿದಿದ್ದುವು. ಕೆಳಗಿನದು ಎಲುಬಿನವರೆಗೂ ಹೋಗಿತ್ತು. ಅದು ಹಿಂದೆ ಯಾವಾಗಲೋ ಬಿದ್ದ ಗುಂಡಿನ ಗಾಯ. ಸಹಜವಾದ ಬೇಟೆಯನ್ನು ಹಿಡಿಯಲಾರದೆ ಅದು ಮನುಷ್ಯರ ಮೇಲೆ ಬಿದ್ದಿತೆಂದು ಅವರು ನಿರ್ಣಯಿಸಿದರು. ಆ ಒಂದು ಗುಂಡಿನ ಬೆಲೆಯನ್ನು ತೆತ್ತವರು ಬೇಟೆಗಾರರಲ್ಲ. ಸೌದೆಗೂ ಸೊಪ್ಪಿಗೂ ಕಾಡಿಗೆ ಹೋದ ಬಡ ಹೆಂಗಸರು, ಮಕ್ಕಳು.

ನಾರ್ವೆಯ ಶಾಸನಕರ್ತರು ಈ ವಿವೇಕವನ್ನು ನಿಯಮವನ್ನಾಗಿಯೇ ಮಾಡಿದ್ದಾರೆ. ಮೂಸ್ ಬೇಟೆಗೆ 9 ಗ್ರಾಮಿಗಿಂತ ಹಗುರವಾದ ಗುಂಡು ಕೂಡದು. 10 ಗ್ರಾಮಿನ ಒಳಗಿನ ಗುಂಡಾದರೆ ನೂರು ಮೀಟರು ದೂರದಲ್ಲಿ 2700 ಜೂಲ್, ಅದಕ್ಕೂ ಭಾರವಾದುದಾದರೆ 2200 ಜೂಲ್ ಶಕ್ತಿ ಉಳಿದಿರತಕ್ಕದ್ದು. ಬೇಟೆಗಾರನು ಪ್ರತಿ ವರ್ಷವೂ ಗುರಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗತಕ್ಕದ್ದು. ಗಾಯಗೊಂಡ ಪ್ರಾಣಿಯ ಜಾಡು ಹಿಡಿಯಬಲ್ಲ, ಶಿಕ್ಷಣ ಪಡೆದ ನಾಯಿಯೂ ದೊರೆಯುವಂತಿರತಕ್ಕದ್ದು.

ಆದುದರಿಂದ ನಮ್ಮ ವಿದ್ಯಾರ್ಥಿಗೆ ನಾವು ಹೀಗೆ ಬರೆದೆವು: “ಆ ಸೀಮೆಯಲ್ಲಿ 1890ರ ದಶಕದಿಂದ ಬಳಕೆಯಲ್ಲಿರುವ 6.5×55 ತೋಟಾವನ್ನು 10 ಗ್ರಾಮಿನ ಗುಂಡಿನೊಡನೆ ಆರಿಸಿಕೋ. ನಿನ್ನ ಭುಜ ತಡೆಯುವುದಾದರೆ.30-06 ಆಗಲಿ. ಆನೆಯ ಕೋವಿ ನಿನಗೆ ಬೇಡ. ಉಳಿದ ಹಣದಲ್ಲಿ ತೋಟಾಗಳನ್ನು ಕೊಂಡು ಬೇಸಗೆಯೆಲ್ಲಾ ಗುರಿಯ ಮೈದಾನದಲ್ಲಿ ಕಳೆ. ಶರತ್ಕಾಲದಲ್ಲಿ ಮೂಸ್ ಎದುರಿಗೆ ಬಂದಾಗ ನಿನ್ನ ಕೈಯಲ್ಲಿ ನಂಬಿಕೆಯಿಲ್ಲದಿದ್ದರೆ, ಕೋವಿಯನ್ನು ಇಳಿಸಿ ಸುಮ್ಮನೆ ನೋಡುತ್ತ ನಿಲ್ಲು.”

ಅವನ ಉತ್ತರ ಮೊನ್ನೆ ಬಂದಿತು. 6.5×55 ಕೋವಿಯನ್ನೇ ಕೊಂಡನಂತೆ. ಮೊದಲನೆಯ ದಿನ ಗುಂಡು ಹಾರಿಸಲಿಲ್ಲವೆಂದೂ, ನೆರೆಯವರು ಅದಕ್ಕಾಗಿ ನಗಲಿಲ್ಲವೆಂದೂ ಬರೆದಿದ್ದಾನೆ.