ಬದನೆಕಾಯಿಯೊಳಗಿನ ಹುಳ

ಬದನೆ ಗಿಡದ ಕುಡಿ ಬಾಡಿ ಜೋತು ಬಿದ್ದರೆ ನೀರು ಸಾಲಲಿಲ್ಲ ಅಂತ ನೀರು ಹಾಕುತ್ತಾರೆ. ನಮ್ಮಜ್ಜಿ ದೃಷ್ಟಿ ತಾಗಿದೆ ಅಂತಾರೆ. ಆ ಕುಡಿಯನ್ನು ಚಿವುಟಿ ಸೀಳಿ ನೋಡಿರಿ. ಒಳಗೆ ನಸುಗೆಂಪು ಹುಳ ಇರುತ್ತದೆ.

ಇದರ ತಾಯಿ ಒಂದು ಸಣ್ಣ ಬಿಳಿ ಪತಂಗ. ರಾತ್ರಿ ಹೊತ್ತು ಎಲೆಯ ಅಡಿಗೆ ಮೊಟ್ಟೆ ಇಡುತ್ತದೆ. ಮರಿಹುಳ ಮೊದಲು ಕುಡಿ ಕೊರೆಯುತ್ತದೆ. ಕಾಯಿ ಬಿಟ್ಟ ಮೇಲೆ ತೊಟ್ಟಿನ ಹತ್ತಿರ ಒಳಗೆ ಹೋಗುತ್ತದೆ. ಹೋದ ದಾರಿ ನಮಗೆ ಕಾಣಿಸುವುದೇ ಇಲ್ಲ. ದೊಡ್ಡ ತೂತು ಇದೆಯಲ್ಲ, ಅದು ಹುಳ ತಿಂದು ಮುಗಿಸಿ ಹೊರಗೆ ಬಂದ ತೂತು! ಅದಕ್ಕೇ ತೂತಿಲ್ಲದ ಕಾಯಲ್ಲೂ ಹುಳ ಸಿಗೋದು.

ನನ್ನ ನೋಟ್ ಬುಕ್ಕಿನ ದುಡ್ಡು ಬರುವುದು ಹಿತ್ತಲಿನ ಬದನೆಯಿಂದಲೇ. ಹುಳುಕು ಕಾಯಿಯನ್ನು ಸಂತೆಯಲ್ಲಿ ಯಾರೂ ಮುಟ್ಟಲ್ಲ. ಕೆಲವರು ಇವತ್ತು ಔಷಧಿ ಹೊಡೆದು ನಾಳೆ ಕಾಯಿ ಕೀಳುತ್ತಾರೆ. ಒಳಗೆ ಕೂತ ಹುಳಕ್ಕೆ ಅದು ತಾಗುವುದಿಲ್ಲ, ತಿನ್ನುವವರ ಹೊಟ್ಟೆಗೆ ಹೋಗುತ್ತದೆ.

ವಾರಕ್ಕೆ ಎರಡು ಸಲ ಬಾಡಿದ ಕುಡಿಯನ್ನು ಸ್ವಲ್ಪ ಕೆಳಗೇ ಕತ್ತರಿಸಿ ಸುಡಬೇಕು. ಗಿಡ ಸಾಯಲ್ಲ, ಪಕ್ಕದಲ್ಲಿ ಚಿಗುರುತ್ತದೆ. ಬುಡದಲ್ಲೇ ಎಸೆದರೆ ಹುಳ ಹೊರಬಂದು ತರಗೆಲೆಯಲ್ಲಿ ಗೂಡು ಕಟ್ಟಿ ಮತ್ತೆ ಪತಂಗವಾಗುತ್ತದೆ. ಹುಳುಕು ಕಾಯನ್ನೂ ತಿಪ್ಪೆಗೆ ಹಾಕಬಾರದು. ಪಕ್ಕದ ಹಿತ್ತಲಿನವರೂ ಹೀಗೇ ಮಾಡಬೇಕು, ಯಾಕಂದ್ರೆ ಪತಂಗ ಬೇಲಿ ಹಾರಿ ಬರುತ್ತದೆ. ನಮ್ಮ ಬೀದಿಯಲ್ಲಿ ಸದ್ಯಕ್ಕೆ ಎರಡೇ ಮನೆಯವರು ಕುಡಿ ಕೀಳ್ತಾ ಇದ್ದೀವಿ.