ಹೆಲ್ಮೆಟ್ ಒಳಗಿನ ಸೊಳ್ಳೆ: ಹೆಡ್‌ಸೆಟ್ ಬದಲಿಸುವ ಮುನ್ನ ಒಂದು ವೈರ್ ಕಿತ್ತು ನೋಡಿ

ಶಿರಾಡಿ ಘಾಟಿ ಇಳಿಯುವಾಗ ನನ್ನ ಹೆಲ್ಮೆಟ್ ಒಳಗೊಂದು ಸೊಳ್ಳೆ ಕೂತಿತ್ತು. ಆಕ್ಸಿಲರೇಟರ್ ತಿರುವಿದರೆ ಅದರ ಸ್ವರ ಏರುತ್ತೆ, ಬಿಟ್ಟರೆ ಇಳಿಯುತ್ತೆ. ಮ್ಯಾಪ್ ಹೇಳುವ ದಾರಿ ಆ ‘ಕುಂಯ್’ನಲ್ಲಿ ಮುಳುಗಿಹೋಗ್ತಿತ್ತು ಅಂತ ವಾಲ್ಯೂಮ್ ಏರಿಸಿದೆ. ಹಿಂದಿನಿಂದ ಹಾರ್ನ್ ಹೊಡೆಯುತ್ತಾ ಬಂದ ಬಸ್ಸು ನನಗೆ ಕೇಳಿಸಿದ್ದು ಅದು ಮೊಣಕೈ ಪಕ್ಕಕ್ಕೆ ಬಂದ ಮೇಲೆ.

ಊರಿಗೆ ಬಂದು ಅಂಗಡಿಯಲ್ಲಿ ತೋರಿಸಿದರೆ, ‘ಹೆಡ್‌ಸೆಟ್ ಹೋಗಿದೆ ಸಾರ್’ ಅಂದರು. ಹೊಸದು ತಗೊಂಡೆ. ಹೊಸದರಲ್ಲೂ ಅದೇ ಸೊಳ್ಳೆ! ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದವನಿಗೆ ಮೊದಲೇ ಹೊಳೆಯಬೇಕಿತ್ತು. ಸದ್ದು ಎಂಜಿನ್ ವೇಗದ ಜೊತೆ ಏರಿಳಿಯುತ್ತಿದೆ ಅಂದರೆ ಅದು ಹುಟ್ಟುತ್ತಿರೋದು ಬೈಕಿನಲ್ಲಿ, ಹೆಡ್‌ಸೆಟ್‌ನಲ್ಲಲ್ಲ.

ಬೈಕಿನ ಆಲ್ಟರ್ನೇಟರ್ ತಯಾರಿಸೋದು ಎಸಿ ಕರೆಂಟು. ರೆಗ್ಯುಲೇಟರ್-ರೆಕ್ಟಿಫೈಯರ್ ಅದನ್ನು ಡಿಸಿ ಮಾಡಿ ಬ್ಯಾಟರಿಗೆ ಕೊಡುತ್ತೆ. ಆದರೆ ಆ ಡಿಸಿ ನಯವಾಗಿರಲ್ಲ, ಮೇಲೆ ಸಣ್ಣ ಅಲೆಗಳು ಉಳಿದಿರುತ್ತವೆ. ಒಂದು ಲೆಕ್ಕ ನೋಡಿ. 12 ಪೋಲ್‌ಗಳ ಮೂರು ಫೇಸ್ ಆಲ್ಟರ್ನೇಟರ್ 3000 ಆರ್‌ಪಿಎಂನಲ್ಲಿ ತಿರುಗಿದರೆ ಸೆಕೆಂಡಿಗೆ 300 ಆವರ್ತದ ಎಸಿ ಬರುತ್ತೆ. ರೆಕ್ಟಿಫೈ ಆದ ಮೇಲೆ ಅಲೆಗಳು ಅದರ ಆರು ಪಟ್ಟು, ಅಂದರೆ 1800 ಹರ್ಟ್ಸ್. ಮನುಷ್ಯರ ಮಾತು ಓಡಾಡುವ ಜಾಗವೇ ಅದು. ಅದಕ್ಕೇ ಇಷ್ಟು ಕಿರಿಕಿರಿ.

ಆದರೆ ಈ ಅಲೆ ಎಲ್ಲ ಬೈಕಿನಲ್ಲೂ ಇರುತ್ತೆ. ಅದು ಕಿವಿಗೆ ಬರೋದು ಹೇಗೆ? ಬಹಳ ಸಲ ಕಾರಣ ಗ್ರೌಂಡ್ ಲೂಪ್. ನನ್ನ ಫೋನು ಹ್ಯಾಂಡಲ್‌ನ ಯುಎಸ್‌ಬಿ ಚಾರ್ಜರ್‌ಗೆ ಸಿಕ್ಕಿಸಿತ್ತು. ಹೆಡ್‌ಸೆಟ್‌ನ ಪುಟ್ಟ ಆಂಪ್ಲಿಫೈಯರ್‌ಗೂ ಕರೆಂಟು ಬೈಕಿಂದಲೇ. ಎರಡರ ನಡುವೆ ಆಕ್ಸ್ ಕೇಬಲ್. ಈಗ ಫೋನಿಗೆ ಬೈಕಿನ ಅರ್ಥಿಂಗ್ ತಲುಪಲು ಎರಡು ದಾರಿಗಳಾದವು: ಒಂದು ಚಾರ್ಜರ್ ಮೂಲಕ, ಇನ್ನೊಂದು ಆಕ್ಸ್ ಕೇಬಲ್‌ನ ಹೊರಕವಚ ದಾಟಿ ಆಂಪ್ಲಿಫೈಯರ್ ಮೂಲಕ. ಎರಡೂ ಕಡೆಯ ಅರ್ಥಿಂಗ್ ಕಾಗದದ ಮೇಲೆ ಸೊನ್ನೆ ವೋಲ್ಟ್. ನಿಜದಲ್ಲಿ ಹಾಗಿರಲ್ಲ. ತುಕ್ಕು ಹಿಡಿದ ಒಂದು ಬೋಲ್ಟ್ 0.05 ಓಮ್ ತಡೆ ಒಡ್ಡಿದರೂ ಸಾಕು, ಅದರಲ್ಲಿ 5 ಆಂಪಿಯರ್ ಹರಿದರೆ 0.25 ವೋಲ್ಟ್ ವ್ಯತ್ಯಾಸ ಬರುತ್ತೆ. ಅದರ ಜೊತೆ ಅಲೆಗಳೂ ಸೇರಿ ಆಡಿಯೋ ಕೇಬಲ್ ಒಳಗೇ ಹರಿಯುತ್ತವೆ. ಆಂಪ್ಲಿಫೈಯರ್‌ಗೆ ಹಾಡು ಯಾವುದು, ಆಲ್ಟರ್ನೇಟರ್ ಯಾವುದು ಅಂತ ಭೇದವಿಲ್ಲ. ಬಂದಿದ್ದನ್ನೆಲ್ಲ ದೊಡ್ಡದು ಮಾಡುತ್ತೆ.

ಪತ್ತೆ ಹಚ್ಚಲು ದುಡ್ಡು ಬೇಕಿಲ್ಲ. ಬೈಕ್ ನಿಲ್ಲಿಸಿ, ಎಂಜಿನ್ ಓಡಲಿ, ಹೆಲ್ಮೆಟ್ ಹಾಕಿಕೊಳ್ಳಿ. ಫೋನಿನ ಚಾರ್ಜರ್ ಕೀಳಿ. ಸದ್ದು ತಟ್ಟನೆ ನಿಂತರೆ ಲೂಪ್ ಖಚಿತ. ನಿಲ್ಲದಿದ್ದರೆ ಆಕ್ಸ್ ಕೇಬಲನ್ನು ಆಂಪ್ಲಿಫೈಯರ್ ಕಡೆಯಿಂದಲೂ ಕೀಳಿ. ಆಗಲೂ ಕುಂಯ್ ಅಂತಿದ್ದರೆ ಅದು ಪವರ್ ವೈರ್‌ನಲ್ಲೇ ಬರ್ತಿದೆ. ಅಲ್ಲಿ ಬೇಕಿರೋದು ಕಾಯಿಲ್ ಮತ್ತು ಕೆಪಾಸಿಟರ್ ಇರುವ ಪವರ್ ಫಿಲ್ಟರ್. ಬ್ಯಾಟರಿ, ರೆಗ್ಯುಲೇಟರ್ ಕೂಡ ಒಮ್ಮೆ ಚೆಕ್ ಮಾಡಿಸಿ. (ಮನೆಯಲ್ಲೇ ಅಳೆಯುವವರಿಗೊಂದು ಮಾತು: ಕೆಲವು ಅಗ್ಗದ ಮಲ್ಟಿಮೀಟರ್‌ಗಳನ್ನು ಎಸಿಗೆ ಇಟ್ಟು ಬ್ಯಾಟರಿಗೆ ಹಿಡಿದರೆ 28 ವೋಲ್ಟ್ ಅಂತೆಲ್ಲ ತೋರಿಸ್ತವೆ. ಗಾಬರಿಯಾಗಬೇಡಿ, ಅದು ಮೀಟರಿನ ಸುಳ್ಳು.)

ಲೂಪ್ ಆಗಿದ್ದರೆ ಅತ್ಯಂತ ಸುಲಭದ ಉಪಾಯ ಫೋನನ್ನು ಪವರ್ ಬ್ಯಾಂಕ್‌ನಿಂದ ಚಾರ್ಜ್ ಮಾಡೋದು. ಇಲ್ಲವಾದರೆ ಆಕ್ಸ್ ಕೇಬಲ್ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಬೇಕು. ಒಳಗಿರೋದು ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್. ಹಾಡು ಅಯಸ್ಕಾಂತ ಕ್ಷೇತ್ರದ ಮೂಲಕ ದಾಟುತ್ತೆ, ತಾಮ್ರದ ಸಂಪರ್ಕ ಮಾತ್ರ ಇರಲ್ಲ. ಕೆಲವು ನೂರು ರೂಪಾಯಿಗೆ ಸಿಗುತ್ತೆ. ಬೇಸ್ ಸ್ವಲ್ಪ ಕಮ್ಮಿಯಾಗಬಹುದು. ಸಾಮಾನ್ಯ ಐಸೊಲೇಟರ್‌ಗಳಲ್ಲಿ ಮೈಕ್ ದಾಟಲ್ಲ ಅನ್ನೋದು ಕೊಳ್ಳುವ ಮುಂಚೆ ಗೊತ್ತಿರಲಿ.

ಒಂದು ಕೆಲಸ ಮಾತ್ರ ಮಾಡಲೇಬೇಡಿ. ‘ಆಂಪ್ಲಿಫೈಯರ್‌ನ ಅರ್ಥಿಂಗ್ ವೈರ್ ಕಟ್ ಮಾಡಿ ಸಾರ್, ಸದ್ದು ಹೋಗುತ್ತೆ’ ಅಂತ ನನಗೂ ಒಬ್ಬರು ಹೇಳಿದ್ದರು. ಹೌದು, ಲೂಪ್ ತುಂಡಾಗುತ್ತೆ. ಆದರೆ ಆಂಪ್ಲಿಫೈಯರ್‌ನ ಕರೆಂಟೆಲ್ಲ ವಾಪಸ್ ಹೋಗಲು ಉಳಿಯೋದು ಕೂದಲೆಳೆಯಂಥ ಆಡಿಯೋ ಕೇಬಲ್ ಮತ್ತು ನಿಮ್ಮ ಫೋನು. ಏನು ಸುಡುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ಕುಂಯ್ ಬದಲು ‘ಟಿಕ್ ಟಿಕ್’ ಅಂತಿದ್ದರೆ ಸ್ಪಾರ್ಕ್ ಪ್ಲಗ್ ನೋಡಿ. ರೆಸಿಸ್ಟರ್ ಇಲ್ಲದ ಪ್ಲಗ್ ಹಾಕಿರಬಹುದು. ಕರೆ ಬರುವ ಮುಂಚೆ ‘ಟ್ರ್ರ್’ ಅಂದರೆ ಅದು 2ಜಿ ಸಿಗ್ನಲ್ಲು, ಬೈಕಿನ ತಪ್ಪಲ್ಲ. ಪೂರ್ತಿ ಬ್ಲೂಟೂತ್ ಬಳಸುವವರಿಗೆ ಈ ಲೂಪಿನ ತಾಪತ್ರಯವಿಲ್ಲ.

ನನ್ನ ಬೈಕಿನಲ್ಲಿ ಸೀಟಿನ ಕೆಳಗಿನ ಅರ್ಥಿಂಗ್ ಬೋಲ್ಟ್ ಪಾಚಿಗಟ್ಟಿದ ಹಾಗೆ ಹಸಿರಾಗಿತ್ತು. ಬ್ಯಾಟರಿ ವೈರ್ ಬಿಚ್ಚಿ, ಮರಳು ಕಾಗದದಲ್ಲಿ ಉಜ್ಜಿ ಬಿಗಿ ಮಾಡಿದ್ದಕ್ಕೆ ಸೊಳ್ಳೆಯ ದನಿ ಅರ್ಧಕ್ಕಿಳಿಯಿತು. ಉಳಿದದ್ದನ್ನು ಐಸೊಲೇಟರ್ ನುಂಗಿತು. ಹೊಸ ಹೆಡ್‌ಸೆಟ್ ವಾಪಸ್ ಕೊಡಲು ಹೋದರೆ, ‘ಬಾಕ್ಸ್ ಓಪನ್ ಆಗಿದೆ, ಆಗಲ್ಲ ಸಾರ್’ ಅಂದರು. ಯಾರಿಗಾದರೂ ಬೇಕಿದ್ದರೆ ಹೇಳಿ.