ಕಿವಿಯಿಂದ ಕಟ್ಟುವ ಪೇಟಿ

ಉತ್ತರ ಕರ್ನಾಟಕದ ಜನ 'ಪೇಟಿ' ಎಂದು ಕರೆಯುವ ಕೈ ಹಾರ್ಮೋನಿಯಂ, ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ಸೀಮೆಯ ಹಳ್ಳಿಗಳಲ್ಲಿ ಗುಡಿ, ಮಠ ಮತ್ತು ಭಜನಾ ಮಂಡಳಿಗಳ ಸಾಮೂಹಿಕ ಆಸ್ತಿಯಾಗಿ ಉಳಿದುಬಂದಿರುವ ವಾದ್ಯ. ಕಬ್ಬಿನ ಬೆಳೆ ಮತ್ತು ಸಕ್ಕರೆ ಕಾರ್ಖಾನೆಯ ಕಾರಣದಿಂದ ಹೊರಗಿನವರಿಗೆ ಪರಿಚಿತವಾಗಿರುವ ಹವಳಗಾದಿಂದ ಹಿಡಿದು ದತ್ತಾತ್ರೇಯನ ಕ್ಷೇತ್ರವಾದ ದೇವಲ ಗಾಣಗಾಪುರದವರೆಗೆ ಹಬ್ಬಿರುವ ಭೀಮಾ ತೀರದ ಈ ಪ್ರದೇಶದಲ್ಲಿ, ಶ್ರಾವಣದ ಪುರಾಣವಾಗಲಿ, ವಾರದ ಭಜನೆಯಾಗಲಿ, ರಾತ್ರಿಯಿಡೀ ನಡೆಯುವ ಸಣ್ಣಾಟವಾಗಲಿ, ಪೇಟಿಯ ಸ್ವರ ಏಳದೆ ಆರಂಭವಾಗುವುದು ಅಪರೂಪ. ಇಷ್ಟು ವ್ಯಾಪಕವಾಗಿ ಬಳಕೆಯಲ್ಲಿರುವ ವಾದ್ಯವನ್ನು ನುಡಿಸಿದವರ ಹೆಸರುಗಳು ಸಂಗೀತದ ಚರಿತ್ರೆಯಲ್ಲಿ ಸಿಗುತ್ತವೆ. ಅದನ್ನು ಮಾಡಿದವರ, ಕೆಟ್ಟಾಗ ಬಿಚ್ಚಿ ರಿಪೇರಿ ಮಾಡಿದವರ, ವರ್ಷಕ್ಕೊಮ್ಮೆ ಶ್ರುತಿಗೆ ತಂದವರ ಹೆಸರುಗಳು ಮಾತ್ರ ಬಹುಮಟ್ಟಿಗೆ ಅಂಗಡಿಯ ಫಲಕದಾಚೆ ದಾಟಿಲ್ಲ. ಪೇಟಿ ತಯಾರಿಕೆ ನಮ್ಮಲ್ಲಿ ಮನೆತನದ ಕಸುಬು, ಆ ಕಸುಬಿನ ತಿರುಳು ಮರಗೆಲಸಕ್ಕಿಂತ ಹೆಚ್ಚಾಗಿ ಕೇಳುವ ಶಕ್ತಿ, ಮತ್ತು ಆ ಶಕ್ತಿ ಇಂದಿಗೂ ಮುಖ್ಯವಾಗಿ ಕಾರ್ಖಾನೆಯಂಥ ಮನೆಯೊಳಗೆ ಬೆಳೆಯುವ ಮಕ್ಕಳ ಮೂಲಕವೇ ಮುಂದಕ್ಕೆ ಸಾಗುತ್ತಿದೆ ಎಂಬುದನ್ನು ಗಮನಿಸಿದರೆ, ಈ ಮನೆಗಳನ್ನು ಒಂದು ಬಗೆಯ ವಿದ್ಯಾಸಂಸ್ಥೆಗಳೆಂದೇ ಪರಿಗಣಿಸಬೇಕಾಗುತ್ತದೆ.

ಹಾರ್ಮೋನಿಯಂ ಯುರೋಪಿನಲ್ಲಿ ಹುಟ್ಟಿದ ವಾದ್ಯ. ಗಾಳಿಯ ಒತ್ತಡಕ್ಕೆ ಕಂಪಿಸುವ ತೆಳು ಲೋಹದ ನಾಲಗೆಯಿಂದ ಸ್ವರ ಹೊರಡಿಸುವ ತತ್ತ್ವ ಚೀನಾದ 'ಶೆಂಗ್' ಎಂಬ ಪ್ರಾಚೀನ ವಾದ್ಯದಲ್ಲಿಯೇ ಇದ್ದರೂ, ಅದನ್ನು ಕೀಲಿಮಣೆ ಮತ್ತು ಕಾಲಿನಿಂದ ಒತ್ತುವ ತಿದಿಯೊಂದಿಗೆ ಜೋಡಿಸಿ 'ಹಾರ್ಮೋನಿಯಂ' ಎಂಬ ಹೆಸರಿಟ್ಟವನು 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನಲ್ಲಿದ್ದ ಅಲೆಕ್ಸಾಂಡರ್ ದೆಬೆಯ್ನ್. ಪಾದ್ರಿಗಳು ಮತ್ತು ಆಂಗ್ಲ ಕುಟುಂಬಗಳೊಡನೆ ಭಾರತಕ್ಕೆ ಬಂದ ಆ ಎತ್ತರದ ಪೆಟ್ಟಿಗೆಯನ್ನು ನುಡಿಸಲು ಕುರ್ಚಿಯ ಮೇಲೆ ಕೂರಬೇಕಿತ್ತು, ಎರಡೂ ಕೈ ಮತ್ತು ಎರಡೂ ಕಾಲು ತೊಡಗಬೇಕಿತ್ತು. 1875ರಲ್ಲಿ ಕೋಲ್ಕತಾದಲ್ಲಿ 'ದ್ವಾರ್ಕಿನ್' ಸಂಸ್ಥೆಯನ್ನು ಸ್ಥಾಪಿಸಿದ ದ್ವಾರಕಾನಾಥ ಘೋಷ್ ತಿದಿಯನ್ನು ಪೆಟ್ಟಿಗೆಯ ಹಿಂಬದಿಗೆ ತಂದು, ಎಡಗೈಯಿಂದ ಗಾಳಿ ತುಂಬುತ್ತ ಬಲಗೈಯಿಂದ ನುಡಿಸುವಂತೆ ಅದನ್ನು ರೂಪಿಸಿದ್ದರಿಂದ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಹಾಡುವ ನಮ್ಮ ಪದ್ಧತಿಗೆ ಈ ವಾದ್ಯ ಹೊಂದಿಕೊಂಡಿತು. ಕಾಲಿನಿಂದ ತುಳಿಯುವ ಹಳೆಯ ಮಾದರಿಯೂ ಕನ್ನಡ ನಾಡಿನಿಂದ ಕೂಡಲೇ ಮರೆಯಾಗಲಿಲ್ಲ. ಗದುಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯಂಥ ವೃತ್ತಿ ಕಂಪನಿಗಳ ಕಾಲದಲ್ಲಿ, ಧ್ವನಿವರ್ಧಕವಿಲ್ಲದ ರಂಗಮಂದಿರದ ಕೊನೆಯ ಸಾಲಿನವರೆಗೆ ಸ್ವರ ಮುಟ್ಟಿಸಲು ಕಾಲು ಹಾರ್ಮೋನಿಯಂ ಅನಿವಾರ್ಯವಾಗಿತ್ತು; ಕಂಪನಿ ನಾಟಕದ ಸಂಗೀತ ನಿರ್ದೇಶಕನನ್ನು ಹಳಬರು 'ಪೇಟಿ ಮಾಸ್ತರ' ಎಂದೇ ಗುರುತಿಸುತ್ತಿದ್ದರು.

ಪೇಟಿಯ ರಚನೆಯನ್ನು ಒಳಗಿನಿಂದ ಹೊರಕ್ಕೆ ನೋಡುತ್ತ ಬಂದರೆ ಕಸುಬಿನ ಕಷ್ಟ ಸ್ಪಷ್ಟವಾಗುತ್ತದೆ. ವಾದ್ಯದ ಜೀವ ಇರುವುದು ರೀಡಿನಲ್ಲಿ. ಹಿತ್ತಾಳೆಯ ಒಂದು ಪಟ್ಟಿಯಲ್ಲಿ ಉದ್ದನೆಯ ಸಂದು ಕೊರೆದು, ಆ ಸಂದಿನ ಮೇಲೆ ಹಿತ್ತಾಳೆಯದೇ ತೆಳುವಾದ ನಾಲಗೆಯನ್ನು ಒಂದು ತುದಿಗೆ ಮಾತ್ರ ರಿವೆಟ್ ಹೊಡೆದು ಕೂರಿಸಿದರೆ ಅದು ರೀಡು. ನಾಲಗೆ ಸಂದಿನ ಅಂಚಿಗೆ ತಾಗದಂತೆ, ಆದರೆ ಗಾಳಿ ಸುಮ್ಮನೆ ಸೋರದಷ್ಟು ಹತ್ತಿರವಾಗಿ ಚಲಿಸಬೇಕು. ತಾಗಿದರೆ ಕರ್ಕಶ ಧ್ವನಿ, ದೂರವಾದರೆ ಉಸಿರು ತುಂಬಿದ ನಿಶ್ಶಕ್ತ ಧ್ವನಿ. ರೀಡು ತಯಾರಿಕೆಗೆ ದೇಶದಲ್ಲಿಯೇ ಹೆಸರಾದ ಸ್ಥಳ ಗುಜರಾತಿನ ಭಾವನಗರ ಜಿಲ್ಲೆಯ ಪಾಲೀತಾಣಾ. ಜೈನರ ಶತ್ರುಂಜಯ ಬೆಟ್ಟದ ಬುಡದಲ್ಲಿರುವ ಆ ಪಟ್ಟಣದಿಂದ ಬಂದ ರೀಡುಗಳೇ ದೇಶದ ಹಲವಾರು ಕಾರ್ಖಾನೆಗಳ ಪೇಟಿಗಳಲ್ಲಿ ಕೂತಿವೆ, ಆದ್ದರಿಂದ ಭೀಮಾ ತೀರದ ಒಂದು ಭಜನೆಯ ಧ್ವನಿ ಸೌರಾಷ್ಟ್ರದ ಕುಶಲಕರ್ಮಿಯ ಕೈಯಲ್ಲಿ ಮೊದಲ ರೂಪ ಪಡೆದಿರುವ ಸಾಧ್ಯತೆ ಸಾಕಷ್ಟಿದೆ.

ಮೂರು ಸಪ್ತಕಗಳ ಪೇಟಿಗೆ 37 ಕೀಲಿಗಳು, ಮೂರೂವರೆ ಸಪ್ತಕದ್ದಕ್ಕೆ 42. ಒಂದೊಂದು ಕೀಲಿಗೂ ಎರಡು ರೀಡುಗಳಿರುವ 'ಡಬಲ್' ಪೇಟಿಯಲ್ಲಿ 37 ಕೀಲಿಗೆ 74 ರೀಡುಗಳೂ, ಮೂರು ಸಾಲಿನ ಪೇಟಿಯಲ್ಲಿ 111 ರೀಡುಗಳೂ ಇರುತ್ತವೆ. ಈ ಸಾಲುಗಳನ್ನು ಕಸುಬಿನವರು ಖರ್ಜ, ನರ, ಮಾದಿ ಎಂದು ಕರೆಯುತ್ತಾರೆ: ಖರ್ಜವೆಂದರೆ ತಗ್ಗಿನ ಸ್ವರದ ಸಾಲು, ನರ ನಡುವಿನದು, ಮಾದಿ ಏರುದನಿಯದು. ತಿದಿಯನ್ನು ಒತ್ತಿದಾಗ ಗಾಳಿ ನೇರವಾಗಿ ರೀಡಿಗೆ ಹೋಗುವುದಿಲ್ಲ. ಅದು ಮೊದಲು ಪೆಟ್ಟಿಗೆಯ ತಳದಲ್ಲಿ ಸ್ಪ್ರಿಂಗುಗಳ ಬಲದಿಂದ ನಿಲ್ಲುವ ಒಳತಿದಿಯಲ್ಲಿ ಸಂಗ್ರಹವಾಗುತ್ತದೆ, ಮತ್ತು ವಾದಕನ ಕೈ ಏರಿಳಿದರೂ ಸ್ವರ ಮಾತ್ರ ತುಂಡಾಗದೆ ಹರಿಯುವುದು ಈ ಒಳತಿದಿಯ ಕಾರಣದಿಂದಲೇ. ಮುಂಭಾಗದ ಸ್ಟಾಪುಗಳನ್ನು, ಅಂದರೆ ಎಳೆಯುವ ಗುಂಡಿಗಳನ್ನು, ಎಳೆದಾಗ ಆಯಾ ಸಾಲಿನ ಕೋಣೆಗೆ ಗಾಳಿಯ ದಾರಿ ತೆರೆಯುತ್ತದೆ. ಕೀಲಿಯನ್ನು ಒತ್ತಿದಾಗ ಅದರ ಕೆಳಗೆ ಮೆತ್ತೆ ಅಂಟಿಸಿದ ಮುಚ್ಚಳ ಮೇಲೇಳುತ್ತದೆ, ಗಾಳಿ ರೀಡಿನ ಮೂಲಕ ಹೊರಬಿದ್ದು ಸ್ವರವಾಗುತ್ತದೆ. ಈ ಎಲ್ಲ ಭಾಗಗಳಲ್ಲಿ ಒಂದೇ ಒಂದು ಕಡೆ ಕೂದಲೆಳೆಯಷ್ಟು ಸಂದು ಉಳಿದರೂ ಗಾಳಿ ಸೋರಿ ವಾದಕ ಬೇಗ ದಣಿಯುವುದರಿಂದ, ಸಾಗವಾನಿ ಹಲಗೆಯನ್ನು ಚೆನ್ನಾಗಿ ಒಣಗಿಸದೆ ಪೆಟ್ಟಿಗೆ ಕೂಡಿಸುವವನು ಮುಂದೆ ಗಿರಾಕಿಯ ಮುಂದೆ ತಲೆ ತಗ್ಗಿಸಬೇಕಾಗುತ್ತದೆ. ಕಲಬುರಗಿಯ ಹವೆ ಈ ವಿಷಯದಲ್ಲಿ ನಿರ್ದಯಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಒಣ ಬಿಸಿಲಿಗೆ ಕುಗ್ಗಿದ ಹಲಗೆ, ಮಳೆ ಹಿಡಿದ ಮೇಲೆ ಉಬ್ಬಿ ಕೀಲಿಗಳನ್ನು ಪರಸ್ಪರ ಬಿಗಿಯುತ್ತದೆ. ಒತ್ತಿದ ಕೀಲಿ ಮೇಲೇಳದೆ ಸ್ವರ ಕೂಗುತ್ತಲೇ ಇರುವ ದೋಷ ಮಳೆಗಾಲದಲ್ಲಿ ಹೆಚ್ಚು. ಇದಕ್ಕೆ ಧೂಳನ್ನೂ, ಉಣ್ಣೆಯ ಮೆತ್ತೆ ತಿನ್ನುವ ನುಸಿಯನ್ನೂ, ತಿದಿಯ ಚರ್ಮ ಕಡಿಯುವ ಇಲಿಯನ್ನೂ ಸೇರಿಸಿದರೆ ಗುಡಿಯ ಮೂಲೆಯಲ್ಲಿ ಇಟ್ಟ ಪೇಟಿಯ ರೋಗಗಳ ಪಟ್ಟಿ ಬಹುತೇಕ ಪೂರ್ಣವಾಗುತ್ತದೆ.

ಇಷ್ಟೆಲ್ಲ ಮರಗೆಲಸ, ಚರ್ಮದ ಕೆಲಸ ಮುಗಿದ ಮೇಲೂ ಪೆಟ್ಟಿಗೆ ಇನ್ನೂ ವಾದ್ಯವಾಗಿರುವುದಿಲ್ಲ. ಅದನ್ನು ವಾದ್ಯವಾಗಿಸುವುದು ಶ್ರುತಿ ಮಾಡುವ ಕೆಲಸ. ರೀಡಿನ ನಾಲಗೆಯ ಮುಕ್ತ ತುದಿಯನ್ನು ಸೂಕ್ಷ್ಮವಾಗಿ ಕೆರೆದರೆ ಅಲ್ಲಿನ ತೂಕ ತಗ್ಗಿ ಸ್ವರ ಏರುತ್ತದೆ; ರಿವೆಟಿನ ಕಡೆಯ ಬುಡವನ್ನು ಕೆರೆದರೆ ನಾಲಗೆಯ ಬಿಗಿ ತಗ್ಗಿ ಸ್ವರ ಇಳಿಯುತ್ತದೆ. ಕೆರೆದುದನ್ನು ಮತ್ತೆ ತುಂಬಿಸಲಾಗದು, ಅತಿಯಾಗಿ ಕೆರೆದ ನಾಲಗೆ ನುಡಿಸುವಾಗ ಮುರಿಯಬಹುದು, ಆದ್ದರಿಂದ ಈ ಕೆಲಸದಲ್ಲಿ ಅವಸರಕ್ಕೆ ಎಡೆಯಿಲ್ಲ. ಎರಡು ರೀಡುಗಳ ಸ್ವರ ಬಹಳ ಹತ್ತಿರವಿದ್ದೂ ಒಂದಾಗದಿದ್ದಾಗ ಧ್ವನಿಯಲ್ಲಿ ಏರಿಳಿಯುವ ಅಲೆಯೊಂದು ಕೇಳುತ್ತದೆ. ಸೆಕೆಂಡಿಗೆ 240 ಕಂಪನದ ಸ್ವರವೂ 242 ಕಂಪನದ ಸ್ವರವೂ ಕೂಡಿ ನುಡಿದರೆ ಆ ಅಲೆ ಸೆಕೆಂಡಿಗೆ ಎರಡು ಬಾರಿ ಏಳುತ್ತದೆ, ಹತ್ತಿರ ತಂದಂತೆಲ್ಲ ನಿಧಾನವಾಗುತ್ತದೆ, ಪೂರ್ತಿ ಒಂದಾದಾಗ ಅಡಗುತ್ತದೆ. ಅಲೆ ಅಡಗಿದ್ದನ್ನು ಗುರುತಿಸುವ ಕಿವಿಯೇ ಪೇಟಿ ಕಾರೀಗರನ ಬಂಡವಾಳ. ಶ್ರುತಿ ತೋರಿಸುವ ಯಂತ್ರಗಳೂ ಮೊಬೈಲಿನ ತಂತ್ರಾಂಶಗಳೂ ಈಗ ಎಲ್ಲರಿಗೂ ಸಿಗುತ್ತವೆ, ಉಪಯುಕ್ತವೂ ಆಗಿವೆ. ಆದರೆ ಖರ್ಜ ಮತ್ತು ನರ ಕೂಡಿ ನುಡಿದಾಗ ಬರುವ ನಾದ ದುಂಡಗಿದೆಯೋ ಸೀಳಿದೆಯೋ ಎಂಬುದನ್ನು ಯಂತ್ರದ ಮುಳ್ಳು ಹೇಳಲಾರದು.

ಈ ಕಿವಿ ತಯಾರಾಗುವ ಬಗೆಯೇ ಪೇಟಿ ಮನೆತನಗಳ ವಿಶೇಷ. ಅಂಗಡಿ ಮುಂದೆ, ಮನೆ ಹಿಂದೆ ಎಂಬ ನಮ್ಮ ಪೇಟೆಗಳ ಹಳೆಯ ವ್ಯವಸ್ಥೆಯಲ್ಲಿ ಬೆಳೆಯುವ ಮಗು, ಯಾರೂ ಪಾಠ ಹೇಳುವ ಮೊದಲೇ, ಒಂದೇ ಸ್ವರವನ್ನು ಗಂಟೆಗಟ್ಟಲೆ ಕೇಳುತ್ತ ಬೆಳೆಯುತ್ತದೆ. ಹೊರಗಿನವರಿಗೆ ಬೇಸರ ಹುಟ್ಟಿಸುವ ಆ ಪುನರಾವರ್ತನೆಯಲ್ಲಿ ಮಗುವಿನ ಕಿವಿ ತಪ್ಪಿದ ಸ್ವರಕ್ಕೂ ಕೂಡಿದ ಸ್ವರಕ್ಕೂ ಇರುವ ಅಂತರವನ್ನು ಮಾತೃಭಾಷೆಯ ಉಚ್ಚಾರಗಳನ್ನು ಹಿಡಿಯುವಷ್ಟೇ ಸಹಜವಾಗಿ ಹಿಡಿಯುತ್ತದೆ. ಕೈಗೆ ಬರುವ ಕೆಲಸಗಳಿಗೂ ಕಷ್ಟದ ಕ್ರಮವೊಂದಿದೆ: ಬಿಚ್ಚಿದ ಕೀಲಿಗಳನ್ನು ಕ್ರಮ ತಪ್ಪದಂತೆ ಜೋಡಿಸಿಡುವುದು, ರೀಡಿನ ಸಂದಿನಲ್ಲಿ ಸಿಕ್ಕ ಧೂಳಿನ ಕಣವನ್ನು ನಾಲಗೆ ಬಾಗದಂತೆ ತೆಗೆಯುವುದು, ಹಿರಿಯರು ಕೆರೆಯುವಾಗ ತಿದಿ ಒತ್ತಿ ಗಾಳಿಯನ್ನು ಸಮನಾಗಿ ಕಾಯುವುದು ಮೊದಲ ಹಂತದವು, ಮೆತ್ತೆ ಅಂಟಿಸುವುದು, ತಿದಿಯ ಮಡಿಕೆ ಕಟ್ಟುವುದು ನಂತರದವು, ರೀಡಿಗೆ ಉಪಕರಣ ತಾಗಿಸುವ ಅಧಿಕಾರ ಕೊನೆಯದು. ತಿದಿ ಒತ್ತುವ ಕೆಲಸ ಕ್ಷುಲ್ಲಕವೆಂದು ತೋರಬಹುದು, ಆದರೆ ಗಾಳಿಯ ಒತ್ತಡ ಹೆಚ್ಚುಕಡಿಮೆಯಾದರೆ ರೀಡಿನ ಸ್ವರವೂ ಅಲ್ಪ ಪ್ರಮಾಣದಲ್ಲಿ ಕದಲುವುದರಿಂದ, ಆ ಕೆಲಸದಲ್ಲಿಯೇ ಹುಡುಗನೊಬ್ಬ ಕೈಗೂ ಕಿವಿಗೂ ಇರುವ ಸಂಬಂಧವನ್ನು ಮೊದಲ ಬಾರಿಗೆ ಅರಿಯುತ್ತಾನೆ. ಹಾರ್ಮೋನಿಯಂ ವಾದನಕ್ಕೆ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದಂಥ ಸಂಸ್ಥೆಗಳ ಪರೀಕ್ಷೆಗಳೂ ಪ್ರಮಾಣಪತ್ರಗಳೂ ಇವೆ. ತಯಾರಿಕೆಯ ವಿದ್ಯೆ ಮಾತ್ರ ಇಂದಿಗೂ ಈ ಮನೆಗಳ ನಡುಮನೆಯಲ್ಲಿಯೇ ಇದೆ.

ಪೇಟಿಯನ್ನು ಶಾಸ್ತ್ರೀಯ ಸಂಗೀತ ವಲಯ ಸುಲಭವಾಗಿ ಒಪ್ಪಿಕೊಳ್ಳಲಿಲ್ಲ ಎಂಬ ಸಂಗತಿಯನ್ನು ಇಲ್ಲಿ ವಿವರಿಸಬೇಕು, ಏಕೆಂದರೆ ಆ ವಿವಾದದ ಒಂದು ಭಾಗದ ಪರಿಹಾರ ಕಾರೀಗರನ ಕೈಯಲ್ಲಿದೆ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್, ಸ್ವರವನ್ನು ತೂಗುವ ಆಂದೋಲನ ಇವು ಸ್ಥಿರಸ್ವರದ ಈ ವಾದ್ಯದಲ್ಲಿ ಸಾಧ್ಯವಿಲ್ಲ ಎಂಬ ಆಕ್ಷೇಪದೊಂದಿಗೆ ಆಕಾಶವಾಣಿ 1940ರ ಮಾರ್ಚ್ 1ರಿಂದ ಹಾರ್ಮೋನಿಯಮ್ಮನ್ನು ತನ್ನ ಪ್ರಸಾರಗಳಿಂದ ಹೊರಗಿಟ್ಟಿತು. ರವೀಂದ್ರನಾಥ ಠಾಕೂರರೂ ಈ ವಾದ್ಯದ ವಿರೋಧಿಗಳ ಸಾಲಿನಲ್ಲಿದ್ದರು. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾದಾಗಲೂ ಈ ನಿಷೇಧ ಜಾರಿಯಲ್ಲಿತ್ತು, ಮತ್ತು 1971ರಲ್ಲಿ ಅದು ಭಾಗಶಃ ಸಡಿಲವಾಗುವವರೆಗೆ ರೇಡಿಯೋದ ಗಾಯನಕ್ಕೆ ಸಾರಂಗಿಯಂಥ ವಾದ್ಯಗಳನ್ನೇ ಅವಲಂಬಿಸಬೇಕಾಗಿತ್ತು. ಅದೇ ಮೂರು ದಶಕಗಳಲ್ಲಿ ಹಳ್ಳಿಯ ಗುಡಿಗಳಲ್ಲಿ ಪೇಟಿ ನಿರಾತಂಕವಾಗಿ ನುಡಿಯುತ್ತಿತ್ತು; ಕಾಗವಾಡದಲ್ಲಿ ಹುಟ್ಟಿ ಬೆಳಗಾವಿಯಲ್ಲಿ ನೆಲೆಸಿದ ರಾಮಭಾವು ಬಿಜಾಪುರೆ (1917–2010), ಧಾರವಾಡದ ವಸಂತ ಕನಕಾಪುರ ಇವರಂಥ ವಾದಕರು ಕಛೇರಿಗಳಲ್ಲಿ ಗಾಯಕನ ನೆರಳಿನಂತೆ ಹಿಂಬಾಲಿಸುವ ಸಾಥಿಯ ಕಲೆಯನ್ನು ಬೆಳೆಸಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ, ಹಾರ್ಮೋನಿಯಂ ಸೇರಿದಂತೆ ಹಲವು ವಾದ್ಯಗಳಲ್ಲಿ ಪರಿಣತರಾಗಿದ್ದ ಪುಟ್ಟರಾಜ ಗವಾಯಿಗಳೂ (1914–2010) ಕಲಿಸಿದ ಅಂಧ ವಿದ್ಯಾರ್ಥಿಗಳು ಪುರಾಣ, ಕೀರ್ತನೆಗಳಿಗಾಗಿ ನಾಡಿನ ಊರೂರಿಗೆ ಹೋದಾಗ ಪೇಟಿಯೂ ಅವರೊಡನೆ ಹೋಯಿತು.

ಆಕ್ಷೇಪದಲ್ಲಿ ಹುರುಳಿರಲಿಲ್ಲವೆಂದು ಹೇಳಲಾಗದು. ಮೀಂಡಿನ ಕೊರತೆಯ ಜೊತೆಗೆ ಸ್ವರಸ್ಥಾನದ ತೊಡಕೂ ಇದೆ. ಪಾಶ್ಚಾತ್ಯ ಕೀಲಿಮಣೆಯಲ್ಲಿ ಸಪ್ತಕವನ್ನು ಹನ್ನೆರಡು ಸಮಭಾಗಗಳಾಗಿ ಒಡೆಯಲಾಗುತ್ತದೆ. ಷಡ್ಜ 240 ಕಂಪನವೆಂದು ಹಿಡಿದರೆ ತಂಬೂರಿಯ ನಾದದೊಳಗೆ ತಾನಾಗಿ ಹುಟ್ಟುವ ಗಾಂಧಾರಕ್ಕೆ ಹೊಂದುವ ಸ್ಥಾನ 300. ಸಮಭಾಗದ ಪೇಟಿಯಲ್ಲಿ ಅದು ಸುಮಾರು 302.4ಕ್ಕೆ ಬಂದು ನಿಲ್ಲುತ್ತದೆ. ಈ ಎರಡೂವರೆ ಕಂಪನದಷ್ಟು ವ್ಯತ್ಯಾಸ ಕಿವಿಗೆ ಚುಚ್ಚುತ್ತದೆ ಎಂಬುದು ಗಾಯಕರ ದೂರು. ಒಬ್ಬನೇ ಗಾಯಕನಿಗಾಗಿ ಪೇಟಿ ಮಾಡುವ ಕಾರೀಗರ ಆತನ ಷಡ್ಜವನ್ನು ಆಧಾರವಾಗಿಟ್ಟು ಗಾಂಧಾರ, ಧೈವತ, ನಿಷಾದಗಳನ್ನು ಸಹಜ ಸ್ಥಾನಕ್ಕೆ ಇಳಿಸಬಲ್ಲ. ಇದನ್ನು ಗಾಂಧಾರ ಟ್ಯೂನಿಂಗ್ ಎನ್ನುತ್ತಾರೆ. ಹಾಗೆ ಮಾಡಿದ ಪೇಟಿ ಆ ಒಂದು ಷಡ್ಜಕ್ಕೆ ಅತ್ಯಂತ ಸುಖವಾಗಿ ನುಡಿಯುತ್ತದೆ, ಬೇರೆ ಷಡ್ಜಕ್ಕೆ ಬದಲಿಸಿದರೆ ಅಪಸ್ವರವಾಗುತ್ತದೆ. ಭಜನಾ ಮಂಡಳಿಯ ಪೇಟಿಗೆ ಆ ಭೋಗ ಸಲ್ಲದು, ಏಕೆಂದರೆ ಒಂದೇ ರಾತ್ರಿಯಲ್ಲಿ ಕಪ್ಪು ಒಂದನೆಯ ಕೀಲಿಯಿಂದ ಹಾಡುವ ಗಂಡಸರಿಗೂ, ಕಪ್ಪು ನಾಲ್ಕು ಅಥವಾ ಐದರಿಂದ ಹಾಡುವ ಹೆಂಗಸರಿಗೂ ಅದು ಸಾಥಿ ನೀಡಬೇಕು. ಆದ್ದರಿಂದ ಪೇಟಿ ಕೊಳ್ಳಲು ಬಂದವನನ್ನು 'ಯಾರು ಹಾಡತಾರ, ಎಲ್ಲಿಂದ ಹಾಡತಾರ?' ಎಂದು ವಿಚಾರಿಸಿಕೊಂಡು ಶ್ರುತಿಗೆ ಕೈಹಚ್ಚುವ ಕಾರೀಗರನೇ ಬಲ್ಲವನು. ತಯಾರಾದ ಮಾಲನ್ನು ಸಾಲಾಗಿ ಇಟ್ಟು ಮಾರುವ ಅಂಗಡಿಗೆ ಈ ಪ್ರಶ್ನೆಯ ಅಗತ್ಯವೇ ಬೀಳುವುದಿಲ್ಲ, ಮತ್ತು ಮನೆತನದ ಕಸುಬು ಕಳೆದರೆ ಮೊದಲು ಕಳೆಯುವುದು ಈ ಪ್ರಶ್ನೆಯೇ.

ಜೇವರ್ಗಿ ಸೀಮೆಯ ಕಡಕೋಳದ ಮಡಿವಾಳಪ್ಪನವರು ಮತ್ತು ಅವರ ಶಿಷ್ಯ ಪರಂಪರೆಯ ಚನ್ನೂರ ಜಲಾಲಸಾಹೇಬರು ಬಿಟ್ಟುಹೋದ ತತ್ತ್ವಪದಗಳು, ಅಂದರೆ ಗುರುಮಾರ್ಗದ ಅನುಭಾವವನ್ನು ಆಡುಮಾತಿನಲ್ಲಿ ಹೇಳುವ ಹಾಡುಗಳು, ಮೂಲತಃ ಏಕತಾರಿ, ದಮ್ಮಡಿ, ತಾಳಗಳ ಜೊತೆಗೆ ಹಾಡುವಂಥವು. ಏಕತಾರಿ ಷಡ್ಜವನ್ನು ಮಾತ್ರ ಹಿಡಿದು ನಿಲ್ಲುತ್ತದೆ. ಪೇಟಿ ಹಾಡಿನ ಧಾಟಿಯನ್ನೇ ಹಿಡಿದು ಒಯ್ಯುತ್ತದೆ. ಏಕತಾರಿಯ ಜಾಗಕ್ಕೆ ಪೇಟಿ ಬಂದ ಈ ಬದಲಾವಣೆಯಿಂದ ಹಳೆಯ ಧಾಟಿಗಳ ಕೆಲವು ಮೂಲೆಗಳು ಸವೆದಿರಬಹುದು, ಆದರೆ ಹತ್ತಾರು ಜನ ಕೂಡಿ ಹಾಡುವಾಗ ಸ್ವರ ತಪ್ಪಿದವರನ್ನು ಮತ್ತೆ ಸಾಲಿಗೆ ಕರೆತರುವ ಶಕ್ತಿ ಪೇಟಿಗೆ ಇರುವುದರಿಂದ, ಸಂಗೀತದ ಶಿಕ್ಷಣವಿಲ್ಲದ ಒಕ್ಕಲಿಗರಿಗೂ ಕೂಲಿಕಾರರಿಗೂ ಸಾಮೂಹಿಕ ಗಾಯನ ಸಾಧ್ಯವಾಯಿತು. ಈ ಲಾಭ ಆ ನಷ್ಟಕ್ಕಿಂತ ದೊಡ್ಡದು.

ಇಂದು ಭಜನೆಯ ವೇದಿಕೆಗೆ ವಿದ್ಯುತ್ ಕೀಬೋರ್ಡ್ ಬಂದಿದೆ. ಅದಕ್ಕೆ ತಿದಿ ಬೇಡ, ಶ್ರುತಿ ಕೆಡುವುದಿಲ್ಲ, ಗುಂಡಿಯೊಂದನ್ನು ಒತ್ತಿದರೆ ಷಡ್ಜ ಬದಲಾಗುತ್ತದೆ; ಕೆಟ್ಟರೆ ಮಾತ್ರ ಹಳ್ಳಿಯಲ್ಲಿ ತೆರೆದು ನೋಡುವವರಿಲ್ಲ. ಪೇಟಿಯಾದರೋ ದಶಕಗಳ ನಂತರವೂ ಬಿಚ್ಚಿ, ಮೆತ್ತೆ ಬದಲಿಸಿ, ತಿದಿಗೆ ಹೊಸ ಚರ್ಮ ಹಚ್ಚಿ ಮತ್ತೆ ನುಡಿಸಬಹುದಾದ ವಸ್ತು. ನೆರೆಯ ಮಿರಜದಲ್ಲಿ ಮನೆತನಗಳು ಮಾಡಿಕೊಂಡು ಬಂದ ಸಿತಾರ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ, ಅದು ಅರ್ಹವಾದ ಮಾನ್ಯತೆ. ಊರಿಂದೂರಿಗೆ ಚದುರಿರುವ ಪೇಟಿ ಕಾರೀಗರರಿಗೆ ಒಂದೇ ಊರಿನ ಹೆಸರಿಲ್ಲವಾದ್ದರಿಂದ ಅಂಥ ದಾರಿ ಅವರಿಗೆ ಸುಲಭವಲ್ಲ. ಅವರಿಗೆ ಬೇಕಾಗಿರುವುದು ಗಿರಾಕಿಯ ನಿಷ್ಠೆ. ಹೊಸ ರೀಡುಗಳು ನುಡಿಸಿದಂತೆಲ್ಲ ಪಳಗಿ ಸ್ವರ ಅಲ್ಪಸ್ವಲ್ಪ ಕದಲುವುದರಿಂದ, ಹೊಸ ಪೇಟಿಯನ್ನು ಮೊದಲ ವರ್ಷದಲ್ಲಿ ಒಮ್ಮೆಯಾದರೂ ಮಾಡಿದವರ ಬಳಿಗೆ ಮರಳಿ ಒಯ್ಯುವುದು ಒಳ್ಳೆಯದು, ಮತ್ತು ಶ್ರಾವಣದ ಪುರಾಣ ಹಚ್ಚುವ ಊರಿನವರು ಆಷಾಢದಲ್ಲಿಯೇ ಈ ಕೆಲಸ ಮುಗಿಸಿಕೊಂಡರೆ ಕಾರೀಗರನಿಗೆ ಒಂದೊಂದು ರೀಡನ್ನೂ ನೆಮ್ಮದಿಯಿಂದ ಕೇಳಿ ನೋಡಲು ಸಮಯ ಸಿಗುತ್ತದೆ.